ಏಡಿ ಎಳೆದ ಗೀಟು

ಕೇಳು ಮಗಾ. ಲೋಕ ಆಗಷ್ಟೇ ಹುಟ್ಟಿ ಕಣ್ಣು ಬಿಡುತ್ತಿದ್ದ ಕಾಲ. ಆಗ ಕಡಲಿಗೆ ಅಲೆಯೇ ಇರಲಿಲ್ಲ. ಹಂಡೆಯಲ್ಲಿ ತುಂಬಿಟ್ಟ ನೀರಿನ ಹಾಗೆ ಕಡಲಮ್ಮ ಸುಮ್ಮನೆ ಮಲಗಿದ್ದಳು. ದೋಣಿಗಳನ್ನು ನಡೆಸುತ್ತಿದ್ದದ್ದು ಗಾಳಿಯೊಂದೇ.

ಆ ಕಾಲದಲ್ಲಿ ಕೊಗ್ಗ ಎಂಬವನು, ಅವನ ಹೆಂಡತಿ ಅಕ್ಕು, ಮಗಳು ಪದ್ದು, ಹಲ್ಲು ಬಾರದ ಒಂದು ಗಂಡು ಕೂಸು, ಇಷ್ಟು ಜನ ಹಾಯಿದೋಣಿಯಲ್ಲೇ ಸಂಸಾರ ಮಾಡಿಕೊಂಡಿದ್ದರು. ಒಂದು ದ್ವೀಪದಲ್ಲಿ ಗೆಣಸು ಸುಟ್ಟು ತಿನ್ನುವುದು, ಇನ್ನೊಂದರಲ್ಲಿ ಎಳನೀರು ಕುಡಿಯುವುದು, ಮತ್ತೊಂದರ ಹೊಳೆಯಲ್ಲಿ ಕೂಸಿಗೆ ಸ್ನಾನ. ಎಲ್ಲಿ ಇಳಿದರೂ 'ಯಾಕೆ ಬಂದಿರಿ' ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ದಿನ ಗಾಳಿ ಆಟವಾಡುತ್ತಾ ದೋಣಿಯನ್ನು ಜೋರಾಗಿ ವಾಲಿಸಿತು. ಕುಡಿಯುವ ನೀರಿನ ಕೊಡ ಉರುಳಿ ಒಡೆದುಹೋಯಿತು.

"ತಪ್ಪಾಯ್ತು ಅಕ್ಕು," ಎಂದಿತು ಗಾಳಿ.

"ಆದದ್ದು ಆಯ್ತು. ಬೇಗ ಯಾವುದಾದರೂ ದ್ವೀಪ ಮುಟ್ಟಿಸು," ಎಂದಳು ಅಕ್ಕು.

ದ್ವೀಪವೇನೋ ಸಿಕ್ಕಿತು. ಆದರೆ ದಂಡೆಯಲ್ಲಿ ಒಂದು ಕೆಂಪು ಏಡಿ ನಿಂತಿತ್ತು. ಅದರ ಇಕ್ಕಳದಂಥ ಕೊಂಡಿಗಳು ದೋಣಿಯ ಹುಟ್ಟಿನಷ್ಟು ಉದ್ದ. ಮರಳಿನ ಮೇಲೆ ಅದು ಒಂದು ಗೀಟು ಎಳೆದಿತ್ತು.

"ಗೀಟಿನಿಂದ ಆಚೆ ಎಲ್ಲ ನನ್ನದು," ಎಂದಿತು ಏಡಿ.

"ನಮಗೆ ಒಂದಿಷ್ಟು ನೀರು ಸಾಕು. ಕೂಸಿಗೆ ಬಾಯಾರಿದೆ," ಎಂದ ಕೊಗ್ಗ.

"ನೀರೂ ನನ್ನದು."

"ಮಳೆ ಸುರಿಸಿದ ನೀರು ನಿನ್ನದು ಹೇಗಾಯಿತು?"

"ಗೀಟು ಎಳೆದವನು ನಾನಲ್ಲವೇ?"

ನೋಡು, ಇದನ್ನು ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಹೊಳೆ ತೋಡಿದ್ದು ಅದಲ್ಲ, ಮರ ನೆಟ್ಟಿದ್ದು ಅದಲ್ಲ. ಎಳೆದದ್ದು ಒಂದು ಗೀಟು ಮಾತ್ರ!

ಕೊಗ್ಗ ಗೀಟು ದಾಟಿ ಕಾಲಿಟ್ಟ. ಏಡಿ ಅವನ ಹಿಮ್ಮಡಿಯನ್ನು ಕಚಕ್ಕೆಂದು ಕತ್ತರಿಸಿತು. ಮರಳು ಕೆಂಪಾಯಿತು. ಅಕ್ಕು ಸೆರಗು ಹರಿದು ಕಟ್ಟಿ ಅವನನ್ನು ದೋಣಿಗೆ ಹತ್ತಿಸಿದಳು.

ಇನ್ನೊಂದು ದ್ವೀಪಕ್ಕೆ ಹೋದರು. ಏಡಿ ಕಡಲ ತಳದಲ್ಲೇ ಓಡಿ ಅವರಿಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು. ಗೀಟೂ ಎಳೆದಾಗಿತ್ತು. "ಗೀಟಿನಿಂದ ಆಚೆ ಎಲ್ಲ ನನ್ನದು." ಮತ್ತೊಂದಕ್ಕೆ ಹೋದರು. ಅಲ್ಲಿಯೂ ಅದೇ ಏಡಿ, ಅದೇ ಮಾತು.

ಅಷ್ಟರಲ್ಲಿ ನೀರಿಲ್ಲದೆ ಅಕ್ಕುವಿನ ಎದೆಹಾಲು ಬತ್ತಿತ್ತು. ಕೂಸು ಅಳುವುದನ್ನೂ ಬಿಟ್ಟಿತ್ತು.

ಪದ್ದುವಿಗೆ ತಡೆಯಲಾಗಲಿಲ್ಲ. ದೋಣಿಯಿಂದ ಬಗ್ಗಿ ಅಂಗೈಯಿಂದ ಕಡಲಿಗೆ ಪಟಪಟನೆ ಬಡಿದಳು.

"ಕಡಲಮ್ಮಾ, ಈ ಮರಳು ಯಾರದು?"

ಕಡಲಮ್ಮ ಅರೆಗಣ್ಣು ತೆರೆದಳು. "ಯಾಕೆ ಮಗಳೇ?"

"ಏಡಿ ತನ್ನದು ಅನ್ನುತ್ತಿದೆ. ಅಪ್ಪನ ಕಾಲು ಕತ್ತರಿಸಿತು. ತಮ್ಮನಿಗೆ ಅಳುವ ಶಕ್ತಿಯೂ ಇಲ್ಲ. ಇಷ್ಟೆಲ್ಲ ನಿನ್ನ ಮಗ್ಗುಲಲ್ಲೇ ನಡೆಯುತ್ತಿದೆ, ನೀನು ಮಲಗೇ ಇದ್ದೀಯ. ನಿನಗೆ ನಾಚಿಕೆಯಾಗುವುದಿಲ್ಲವೇ?"

ಕಡಲಮ್ಮನ ಎರಡೂ ಕಣ್ಣು ತೆರೆದವು.

"ಬಂಡೆಗಳನ್ನು ಹೊಟ್ಟೆಯೊಳಗೆ ಅರೆದು ಅರೆದು ಈ ಮರಳು ಮಾಡಿದವಳು ನಾನು. ಮಾಡಿದ ನಾನೇ ನನ್ನದು ಅನ್ನಲಿಲ್ಲ. ಅನ್ನುವುದಕ್ಕೆ ಇವನು ಯಾರು?"

ಹಾಗೆಂದು ಮೊಟ್ಟಮೊದಲ ಸಲ ಕಡಲಮ್ಮ ಎದ್ದಳು. ನೀರು ಗೋಡೆಯಂತೆ ನಿಂತು, ಗುಡುಗುತ್ತಾ ದಂಡೆಗೆ ನುಗ್ಗಿತು. ಗೀಟು ಅಳಿಸಿಹೋಯಿತು. ಏಡಿಯನ್ನು ಮರಳಿನಲ್ಲಿ ಉರುಳಿಸಿ ಉರುಳಿಸಿ ಅಂಗೈಯಷ್ಟಾಗುವವರೆಗೆ ಸವೆಸಿತು.

ಅಕ್ಕು ಕೂಸನ್ನೆತ್ತಿಕೊಂಡು ದೋಣಿಯಿಂದ ಇಳಿದು ಹೊಳೆಗೆ ಓಡಿದಳು. ಬೆರಳು ಅದ್ದಿ ಅದರ ತುಟಿಗೆ ಸವರಿದಳು. ಕೂಸು ಬೆರಳು ಚೀಪಿತು. ಇನ್ನೂ ಒಂದಿಷ್ಟು ಚೀಪಿತು. ಆಮೇಲೆ ದ್ವೀಪವೆಲ್ಲ ಕೇಳುವಂತೆ ಕಿರುಚಿ ಅತ್ತಿತು. ಆ ಅಳು ಕೇಳಿ ಕೊಗ್ಗ ಕುಂಟುತ್ತಲೇ ನಕ್ಕ.

ಏಡಿಗೆ ಬುದ್ಧಿ ಬಂತೇ? ಇಲ್ಲ. ಬಿಲ ತೋಡಿ ಅಡಗಿ ಕುಳಿತಿತು. ಕಡಲಮ್ಮ ಹಿಂದೆ ಸರಿದು ಮಲಗಲು ಹೊರಟಳೋ ಇಲ್ಲವೋ, ಹೊರಗೆ ಬಂದು ಮತ್ತೆ ಗೀಟು ಎಳೆಯಿತು.

"ಎಳೆ, ಎಳೆ. ನೀನು ಎಳೆಯುವಷ್ಟು ದಿನ ನಾನೂ ಮಲಗುವುದಿಲ್ಲ," ಎಂದು ಕಡಲಮ್ಮ ಮತ್ತೆ ಎದ್ದು ಬಂದಳು.

ಅದಕ್ಕೇ ಮಗಾ, ಇವತ್ತಿಗೂ ನಾವು ಕಡಲ ದಂಡೆಗೆ ಹೋದಾಗ ಏಡಿ ಬಿಲದಿಂದ ಬಂದು ಮರಳಿನ ಮೇಲೆ ಗೀಟು ಎಳೆದು ಓಡುವುದನ್ನೂ, ಹಿಂದೆಯೇ ಅಲೆ ಬಂದು ಅದನ್ನು ಒರೆಸಿ ಹೋಗುವುದನ್ನೂ ನೀನು ನೋಡುತ್ತೀಯ.