ಹೆಸರು ಮುಚ್ಚಿದ ಯಂತ್ರಗಳು

ದಾವಣಗೆರೆಯ ಮುರಿಗೆಪ್ಪ ಸಾಹುಕಾರರಿಗೆ ಕಿವಿ ಮಂದ. ತಾವು ಕಿವಿಗೆ ಹಾಕುವ ಶ್ರವಣಯಂತ್ರ ಮಾಡಿದ ಕಂಪನಿಯೆಂದರೆ ಪ್ರಾಣ. ಇದ್ದ ಉಳಿತಾಯವನ್ನೆಲ್ಲ ಅದರ ಷೇರಿಗೇ ಹಾಕಲು ಹೊರಟರು.

"ಎದುರಾಳಿ ಕಂಪನಿ ಯಂತ್ರ ಕಸ ಅಂತ ವರದಿ ಬರಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ," ಎಂದು ಗುಮಾಸ್ತೆ ನೀಲಾಂಬಿಕೆಗೆ ಗುಡುಗಿದರು.

"ಬರೀತೀನಿ ಯಜಮಾನ್ರೇ. ಒಂದ್ಸಲ ಎರಡನ್ನೂ ಹಾಕಿ ನೋಡಿ," ಎಂದ ಆಕೆ ಎರಡೂ ಕಂಪನಿಗಳ ಹೊಸ ಯಂತ್ರ ತರಿಸಿ, ಹೆಸರು ಕಾಣದಂತೆ ಪಟ್ಟಿ ಅಂಟಿಸಿ ಕೊಟ್ಟಳು.

ಮೊದಲನೆಯದು ಗೊರಗೊರ ಎಂದಿತು. ಎರಡನೆಯದಕ್ಕೆ ಸಾಹುಕಾರರ ಮುಖ ಅರಳಿತು. "ಅಡುಗೆಮನೇಲಿ ನಮ್ಮವಳು ಗೊಣಗೋದೂ ಕೇಳ್ತಿದೆ! ಇದೇ ನಮ್ಮ ಕಂಪನೀದು!"

ನೀಲಾಂಬಿಕೆ ಪಟ್ಟಿ ಕಿತ್ತಳು. ಅದು ಎದುರಾಳಿಯದು!

ಸಾಹುಕಾರರು ಪೆಚ್ಚಾದರು. "ಹಾಗಾದ್ರೆ ದುಡ್ಡೆಲ್ಲ ಇದಕ್ಕೇ ಹಾಕು!"

"ಕಿವಿ ಒಪ್ಪಿದ್ದು ಯಂತ್ರಾನ. ಕಂಪನಿಗೆ ಲಾಭ ಇದೆಯೋ ಇಲ್ವೋ, ಇನ್ನೂ ನೋಡಿಲ್ಲ."

ಸಾಹುಕಾರರು ನಕ್ಕುಬಿಟ್ಟರು. "ಎರಡರ ಲೆಕ್ಕಪತ್ರಾನೂ ತಾರಮ್ಮ. ಹೆಸರು ಕಂಡ್ರೆ ನನ್ನ ಬುದ್ಧಿ ಜಾರತ್ತೆ, ಮುಚ್ಚಿಯೇ ತಾ."