ಕರುವಿನ ಹಗ್ಗ

ಕರು ಹಾಕಿ ಏಳು ತಿಂಗಳಾದರೂ ಕೌಲಿ ಎಂಬ ಹಸು ಬೆದೆಗೆ ಬಂದಿರಲಿಲ್ಲ. ಒಡತಿ ಹೊನ್ನಮ್ಮ ಕರುವನ್ನು ಬಿದಿರು ತಟ್ಟಿಯ ಆಚೆ ಕಟ್ಟಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾತ್ರ ಮೊಲೆಗೆ ಬಿಡತೊಡಗಿದಳು.

ಕರು ಕೂಗಿದಾಗಲೆಲ್ಲ ಕೌಲಿಗೆ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಅದು ತಟ್ಟಿಯ ಮೇಲಿಂದ ಕತ್ತು ಚಾಚಿ ಕರುವಿನ ಹಗ್ಗವನ್ನು ಜಗಿಯತೊಡಗಿತು.

"ಬೇಡ ತಾಯಿ," ಎಂದಿತು ಹಗ್ಗ. "ದಿನವಿಡೀ ಕುಡಿಸುತ್ತಿದ್ದರೆ ನಿನಗೆ ಬೆದೆ ಬರುವುದಿಲ್ಲ. ಆಗಲೇ ನಿನ್ನ ಪಕ್ಕೆಲುಬುಗಳು ಎದ್ದಿವೆ. ಗಬ್ಬವಾಗದ ಹಸುವನ್ನು ಎಷ್ಟು ದಿನ ಇಟ್ಟುಕೊಂಡಾರು?"

"ನಾರಿನ ಹಗ್ಗಕ್ಕೇನು ಗೊತ್ತು ಹೆತ್ತ ಸಂಕಟ!" ಎಂದು ಕೌಲಿ ಹಗ್ಗವನ್ನು ಹರಿದೇಬಿಟ್ಟಿತು. ಕರು ತಟ್ಟಿ ನುಸುಳಿ ಬಂದು ಕೆಚ್ಚಲಿಗೆ ಬಾಯಿ ಹಾಕಿತು. ಹೊನ್ನಮ್ಮ ಗಂಟು ಹಾಕಿ ಮತ್ತೆ ಕಟ್ಟಿದಳು. ಕೌಲಿ ಮತ್ತೆ ಹರಿದುಹಾಕಿತು.

ಮಳೆಗಾಲ ಕಳೆಯಿತು. ಕೌಲಿಗೆ ಬೆದೆ ಬರಲಿಲ್ಲ. ಹೊನ್ನಮ್ಮ ಕರೆಸಿದ ದನದ ವ್ಯಾಪಾರಿ ಬಂದ. "ಹಸು ಸಾಕು, ಕರು ಬೇಡ," ಎಂದವನು ಅದೇ ಗಂಟುಗಂಟಿನ ಹಗ್ಗವನ್ನು ಕರುವಿನ ಕೊರಳಿಂದ ಬಿಚ್ಚಿ ಕೌಲಿಯ ಕೊರಳಿಗೆ ಬಿಗಿದು ಎಳೆದ. ಹೊನ್ನಮ್ಮ ಕರುವನ್ನು ಹಿಡಿದುಕೊಂಡಳು.

"ಕರು ಕೂಗುತ್ತಿದೆ! ಒಮ್ಮೆ ಹರಿದುಹೋಗಪ್ಪಾ," ಎಂದು ಕೌಲಿ ಅಂಗಲಾಚಿತು.

"ಆಗ ಕರುವಿನ ಕೊರಳಲ್ಲಿದ್ದೆ, ನಿನ್ನ ಬಾಯಿಗೆ ಸಿಗುತ್ತಿದ್ದೆ," ಎಂದಿತು ಹಗ್ಗ. "ಈಗ ನಿನ್ನ ಕೊರಳಲ್ಲೇ ಇದ್ದೇನೆ ತಾಯಿ."