ಯಾರ ಕಡೆಯವರು

"ಬುದ್ಧಿ, ಕಣ್ಣೆದುರಿಗೇ ಒಬ್ಬ ಸುಳ್ಳು ಹೇಳುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಹೇಡಿತನವಲ್ಲವೇ?"

ಕೇಳಿದವನು ಶಾಂತಮಲ್ಲ, ಮಠದಲ್ಲಿ ಓದುತ್ತಿದ್ದ ಶಿಷ್ಯ. ಕೇಳಿದ್ದು ಗುರುಗಳನ್ನು. ಮಠದಲ್ಲಿ ಎಲ್ಲರೂ ಅವರನ್ನು ಬುದ್ಧಿ ಎಂದೇ ಕರೆಯುತ್ತಿದ್ದರು. ಪ್ರಶ್ನೆ ಮೇಲ್ನೋಟಕ್ಕೆ ಧರ್ಮದ ಪ್ರಶ್ನೆಯಂತೆ ಕಾಣುತ್ತಿತ್ತು. ಆದರೆ ಅದರ ಹಿಂದೆ ಒಂದು ಜಗಳವಿತ್ತು. ಆ ಜಗಳದ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಗುರುಗಳು ಬೇರೆ ಯಾವ ಕತೆಯನ್ನೂ ಹೇಳದೆ ಈ ಕತೆಯನ್ನೇ ಯಾಕೆ ಹೇಳಿದರು ಎಂಬುದು ತಿಳಿಯುವುದಿಲ್ಲ.

ಹಿಂದಿನ ದಿನ ಶಾಂತಮಲ್ಲ ಪಟ್ಟಣಕ್ಕೆ ಹೋಗಿದ್ದ. ಹಿಂತಿರುಗುವ ಬಸ್ಸು ತಡವಾಯಿತು. ತಂಗುದಾಣದಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತನೊಬ್ಬ ಚುನಾವಣೆಯ ಮಾತೆತ್ತಿದ. ಇವನು ಒಂದು ಹೇಳಿದರೆ ಅವನು ಎರಡು ಹೇಳಿದ. ಬಹುವಚನದಲ್ಲಿ ಶುರುವಾದ ಮಾತು ಏಕವಚನಕ್ಕೆ ಇಳಿಯಿತು. ಬಸ್ಸು ಹತ್ತಿ ಕುಳಿತ ಮೇಲೂ ಶಾಂತಮಲ್ಲ ಮನಸ್ಸಿನಲ್ಲೇ ಅವನಿಗೆ ಉತ್ತರ ಕೊಡುತ್ತಿದ್ದ. ಊಟ ಮಾಡುವಾಗಲೂ ಕೊಡುತ್ತಿದ್ದ. ತಾನು ಮಾಡಿದ್ದು ಸರಿ ಎಂದು ಈಗ ಅವನಿಗೆ ಗುರುಗಳ ಬಾಯಿಂದ ಕೇಳಬೇಕಿತ್ತು. ನೇರವಾಗಿ ಹಾಗೆ ಕೇಳಲು ಸಂಕೋಚವಾಯಿತು. ಆದ್ದರಿಂದ ಹೇಡಿತನದ ಮಾತು ತಂದ.

"ನಿನ್ನ ಗಂಟಲು ಯಾಕೆ ಕಟ್ಟಿದೆ?" ಎಂದರು ಗುರುಗಳು.

"ನಿನ್ನೆ ಬಸ್‌ಸ್ಟಾಂಡಿನಲ್ಲಿ ಒಬ್ಬರ ಜೊತೆ ಸ್ವಲ್ಪ ಮಾತಾಡಬೇಕಾಯಿತು ಬುದ್ಧಿ."

"ಸ್ವಲ್ಪವೇ?"

ಶಾಂತಮಲ್ಲ ನಕ್ಕ. ಗುರುಗಳು ನಗಲಿಲ್ಲ. ಕುಳಿತುಕೋ ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬಳು ಅಕ್ಕ, ಹೆಸರು ದೇವೀರಮ್ಮ. ರೈತ ಕೂಸಾಗಿದ್ದಾಗಲೇ ತಾಯಿ ತೀರಿಹೋಗಿದ್ದಳು. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಅವಳು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಮಗ' ಎಂದು ಕರೆಯುತ್ತಿದ್ದಳು. ನಮ್ಮ ಸೀಮೆಯಲ್ಲಿ ತಮ್ಮನನ್ನು ಹಾಗೆ ಕರೆಯುವುದು ವಾಡಿಕೆ. ಆದರೆ ಇವಳಿಗೆ ಅದು ವಾಡಿಕೆಯ ಮಾತಾಗಿರಲಿಲ್ಲ. ಅವಳಿಗೆ ಬೇರೆ ಮಕ್ಕಳಿರಲಿಲ್ಲ.

ಅಕ್ಕನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು. ರೈತ ಅವಳನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆತಂದ. ಕೊಯ್ದು ತೆಗೆಯಬೇಕು ಎಂದರು ಡಾಕ್ಟರು. ವಯಸ್ಸಾಗಿದೆ, ಮೈಯಲ್ಲಿ ರಕ್ತ ಕಡಿಮೆ, ಏನು ಬೇಕಾದರೂ ಆಗಬಹುದು ಎಂದೂ ಹೇಳಿದರು. ಏನು ಬೇಕಾದರೂ ಎಂದರೆ ಏನು ಎಂಬುದು ಅಕ್ಕನಿಗೂ ತಿಳಿಯಿತು, ತಮ್ಮನಿಗೂ ತಿಳಿಯಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಕೊಯ್ಯುವ ದಿನ ಬೆಳಿಗ್ಗೆ ಅವಳನ್ನು ಒಳಕೋಣೆಗೆ ಕರೆದುಕೊಂಡರು. ಗಂಡಸರು ಹೊರಗೇ ಇರಬೇಕು ಎಂದರು. ಬಾಗಿಲಲ್ಲಿ ಅಕ್ಕ ತಮ್ಮನ ಕೈ ಹಿಡಿದಳು.

"ಮಗ, ಸಾಯೋಕೆ ನಂಗೆ ಹೆದರಿಕೆ ಇಲ್ಲ ಕಣಪ್ಪ. ಗುರುತು ಪರಿಚಯ ಇಲ್ಲದೋರ ಮಧ್ಯೆ ಕಣ್ಣು ಮುಚ್ಚಬೇಕಲ್ಲ, ಅದಕ್ಕೇ ಹೆದರಿಕೆ. ಆ ಮತ್ತಿನ ಮದ್ದು ಕೊಡೋ ಮುಂಚೆ ಒಂದು ಸಲ ನಿನ್ನ ಮುಖ ತೋರ್ಸು."

"ಇಲ್ಲೇ ಇರ್ತೀನಿ ಕಣಕ್ಕ. ಈ ಬಾಗಿಲು ಬಿಟ್ಟು ಎಲ್ಲಿಗೂ ಹೋಗಲ್ಲ."

ಪಕ್ಕದಲ್ಲಿದ್ದ ನರ್ಸು ಅದಕ್ಕೆ ಒಪ್ಪಿದಳು. ಆಪರೇಶನ್ನಿಗೆ ಕರೆದೊಯ್ಯುವ ಮೊದಲು ಕೂಗುತ್ತೇನೆ, ಬಂದು ನೋಡಿಕೊಂಡು ಹೋಗಿ ಎಂದಳು.

ರೈತ ಬಾಗಿಲಿಗೆ ತೀರ ಹತ್ತಿರದ ಬೆಂಚಿನಲ್ಲಿ ಕುಳಿತ. ಹಸಿವಾಯಿತು, ಏಳಲಿಲ್ಲ. ಬಾಯಾರಿತು, ಏಳಲಿಲ್ಲ. ನೀರು ಕುಡಿದು ಬರುವಷ್ಟರಲ್ಲಿ ಕೂಗಿಬಿಟ್ಟರೆ ಏನು ಗತಿ ಎಂದು ಹೆದರಿದ. ಇದನ್ನು ಗಮನಿಸು, ಎಂದರು ಗುರುಗಳು. ಅವನು ಅಕ್ಕನಿಗೆ ಕೊಟ್ಟ ಮಾತಿನಂತೆ ನಡೆದ. ಆ ಬೆಂಚು ಬಿಟ್ಟು ಎದ್ದವನೇ ಅಲ್ಲ.

ಆ ಆಸ್ಪತ್ರೆಯಲ್ಲಿ ಹೇಗೆ ಕೂಗುತ್ತಾರೆ ಎಂಬುದನ್ನೂ ಹೇಳಬೇಕು. ಹೊರಗೆ ಕಾಯುವವರ ಹೆಸರು ಒಳಗಿನವರಿಗೆ ಗೊತ್ತಿರುವುದಿಲ್ಲ, ರೋಗಿಯ ಹೆಸರು ಮಾತ್ರ ಗೊತ್ತು. ಆದ್ದರಿಂದ ನರ್ಸು ಬಾಗಿಲು ತೆರೆದು ರೋಗಿಯ ಹೆಸರು ಹೇಳಿ, 'ಇವರ ಕಡೆಯೋರು ಯಾರು?' ಎಂದು ಕೂಗುತ್ತಾಳೆ. ಕಡೆಯವರು ಎಂದರೆ ಜೊತೆಗೆ ಬಂದವರು, ನೋಡಿಕೊಳ್ಳುವವರು. ಒಟ್ಟಿನಲ್ಲಿ ಆ ಜೀವಕ್ಕೆ ಸೇರಿದವರು.

ಸ್ವಲ್ಪ ಹೊತ್ತಿಗೆ ಒಬ್ಬ ವ್ಯಾಪಾರಿ ಬಂದು ಅದೇ ಬೆಂಚಿನಲ್ಲಿ ಕುಳಿತ. ಅವನ ಸೊಸೆಯನ್ನು ಹೆರಿಗೆಗೆ ಸೇರಿಸಿದ್ದರು. ಅವನಿಗೂ ಹೊತ್ತು ಹೋಗುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ ಎರಡು ಕಲ್ಲುಗಳಿದ್ದವು. ಒಂದರಲ್ಲಿ ಆಸ್ಪತ್ರೆಗೆ ಅಡಿಗಲ್ಲು ಹಾಕಿದವರ ಹೆಸರಿತ್ತು. ಅವರು ಕೊಡೆ ಗುರುತಿನ ಪಕ್ಷದವರು. ಇನ್ನೊಂದರಲ್ಲಿ ಉದ್ಘಾಟನೆ ಮಾಡಿದವರ ಹೆಸರಿತ್ತು. ಅವರು ಬುಗುರಿ ಗುರುತಿನ ಪಕ್ಷದವರು. ನಡುವೆ ಸರ್ಕಾರ ಬದಲಾಗಿತ್ತು, ಅಷ್ಟೆ.

ವ್ಯಾಪಾರಿ ಎರಡನೆಯ ಕಲ್ಲನ್ನು ತೋರಿಸಿದ. "ನೋಡಿ ಯಜಮಾನ್ರೇ, ನಮ್ಮ ಬುಗುರಿಯೋರು ಬರದೇ ಇದ್ದಿದ್ರೆ ಇಲ್ಲಿ ಆಸ್ಪತ್ರೆ ಎಲ್ಲಿರ್ತಿತ್ತು? ನಾವಿಬ್ರೂ ಈಗ ಬಯಲಲ್ಲಿ ಕೂತಿರಬೇಕಿತ್ತು."

ಅವನು ಹೊತ್ತು ಕಳೆಯಲು ಆಡಿದ ಮಾತು ಅದು. ರೈತ ಹೂಂ ಎಂದು ಸುಮ್ಮನಿರಬಹುದಿತ್ತು. ಆದರೆ ಅಡಿಗಲ್ಲು ಹಾಕಿದ ದಿನ ರೈತ ಅದೇ ಜಾಗದಲ್ಲಿ ಬಿಸಿಲಲ್ಲಿ ನಿಂತಿದ್ದ. ಕೊಡೆಯ ಬಾವುಟ ಹಿಡಿದಿದ್ದ, ಜೈಕಾರ ಕೂಗಿದ್ದ, ಅವರು ಕೊಟ್ಟ ಚಿತ್ರಾನ್ನ ತಿಂದಿದ್ದ. ತಾನು ಕಣ್ಣಾರೆ ಕಂಡದ್ದನ್ನು ಒಬ್ಬ ಇಲ್ಲವೆನ್ನುತ್ತಿದ್ದಾನೆ ಎಂದು ಅವನಿಗೆ ಅನ್ನಿಸಿತು.

"ನಿಮ್ಮೋರು ಬಂದು ಮಾಡಿದ್ದೇನು ಸ್ವಾಮಿ? ನಾವು ಎಬ್ಬಿಸಿ ನಿಲ್ಸಿದ್ದ ಗೋಡೆಗೆ ಸುಣ್ಣ ಬಳಿದು ರಿಬ್ಬನ್ ಕತ್ತರಿಸಿದ್ರು."

"ಗೋಡೆ ಎಲ್ಲಿತ್ರೀ? ನೀವು ತೋಡಿದ ಪಾಯದಲ್ಲಿ ನೀರು ನಿಂತು ಎಮ್ಮೆ ಮಲಗ್ತಿದ್ವು. ನಿಮ್ಮದು ಮಳೆ ಬಂದಾಗ ಮಡಿಸಿ ಕಂಕುಳಲ್ಲಿ ಇಟ್ಕೊಳ್ಳೋ ಕೊಡೆ."

"ನಿಮ್ಮ ಬುಗುರಿ ಏನು ಕಮ್ಮಿಯೇ? ದಾರ ಸುತ್ತಿದೋನು ಎಸೆದ ಕಡೆ ಗಿರಗಿರ ತಿರುಗೋದು, ಆಮೇಲೆ ಅಡ್ಡ ಬೀಳೋದು."

ಸುತ್ತ ಕುಳಿತಿದ್ದವರು ನಕ್ಕರು. ಅವರೆಲ್ಲ ಬೆಳಗಿನಿಂದ ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದವರು, ನಗಲು ಒಂದು ನೆಪ ಬೇಕಾಗಿತ್ತು. ಆ ನಗು ರೈತನಿಗೆ ಹಿತವಾಯಿತು. ಅವನನ್ನು ತೀರ ಕೆಟ್ಟವನೆಂದು ತಿಳಿಯಬೇಡ, ಎಂದರು ಗುರುಗಳು. ಅವನು ಎದೆಯೊಳಗೆ ಭಯ ಇಟ್ಟುಕೊಂಡು ಕುಳಿತಿದ್ದ. ಭಯವಾದಾಗ ಮಾಡಲು ಏನೂ ಕೆಲಸವಿರುವುದಿಲ್ಲ, ಸಿಟ್ಟು ಬಂದರೆ ಮಾತಾಡುವ ಕೆಲಸವಾದರೂ ಇರುತ್ತದೆ. ಹಾಗಾಗಿ ಅವನು ಸಿಟ್ಟಿನ ಹತ್ತಿರಕ್ಕೆ ಹೋದ.

ಜಗಳವಾಡುವಾಗ ಎದುರಿನವನ ಮುಖ ನೋಡಬೇಕಾಗುತ್ತದೆ. ರೈತ ಬೆಂಚಿನಲ್ಲೇ ಅತ್ತ ತಿರುಗಿ ಕುಳಿತ. ಈಗ ಬಾಗಿಲು ಅವನ ಬೆನ್ನ ಹಿಂದಾಯಿತು.

ಸುಣ್ಣದಿಂದ ಮಾತು ಸಿಮೆಂಟಿಗೆ ಹೋಯಿತು. ಸಿಮೆಂಟಿನಿಂದ ರಸ್ತೆಗೆ, ರಸ್ತೆಯಿಂದ ಯಾರು ಯಾವಾಗ ಎಷ್ಟು ನುಂಗಿದರು ಎಂಬಲ್ಲಿಗೆ ಹೋಯಿತು. ಕೇಳುತ್ತಿದ್ದವರಲ್ಲೂ ಕೆಲವರು ಈ ಪಕ್ಷ, ಕೆಲವರು ಆ ಪಕ್ಷವಾದರು. "ನೀವು ಯಾರ ಕಡೆಯೋರು?" "ನೀವು ಯಾರ ಕಡೆಯೋರು?" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು.

ಆಗ ಬಾಗಿಲು ತೆರೆಯಿತು.

"ದೇವೀರಮ್ಮನ ಕಡೆಯೋರು ಯಾರು?"

ರೈತ ಆ ಹೊತ್ತಿಗೆ ತನ್ನ ಪಕ್ಷದ ಮಂತ್ರಿಗಳ ಹೆಸರುಗಳನ್ನು ಏರುದನಿಯಲ್ಲಿ ಹೇಳುತ್ತಿದ್ದ. ಅವನ ಕಿವಿಯಲ್ಲಿ ಅವನ ದನಿಯೇ ತುಂಬಿತ್ತು. ನರ್ಸು ಇನ್ನೊಮ್ಮೆ ಕೂಗಿದಳು. ಯಾರೂ ಏಳಲಿಲ್ಲ. ಬಾಗಿಲಿಗೆ ಹತ್ತಿರ ಕುಳಿತವನು ಇವನೇ ಆದ್ದರಿಂದ ಅವಳು ಬಂದು ಹಿಂದಿನಿಂದ ಅವನ ಹೆಗಲು ಮುಟ್ಟಿದಳು.

"ನೀವು ಯಾರ ಕಡೆಯೋರು?"

ಆಸ್ಪತ್ರೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಆದರೆ ರೈತ ಆಗ ಆಸ್ಪತ್ರೆಯಲ್ಲಿರಲಿಲ್ಲ. ಅವನು ಚುನಾವಣೆಯಲ್ಲಿದ್ದ. ಗುಂಪಿನಲ್ಲಿ ಯಾರೋ ತನ್ನನ್ನು ಕೆಣಕುತ್ತಿದ್ದಾರೆ ಎಂದುಕೊಂಡು, ತಿರುಗಿಯೂ ನೋಡದೆ ಹೇಳಿದ.

"ಕೊಡೆ ಕಡೆಯೋನು ಕಣ್ರೀ. ನಮ್ಮಪ್ಪನ ಕಾಲದಿಂದಲೂ ಕೊಡೆ ಕಡೆಯೋನು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಜನ ಮತ್ತೆ ನಕ್ಕರು. ಒಬ್ಬ ಶಿಳ್ಳೆಯನ್ನೂ ಹಾಕಿದ. ನರ್ಸು ನಗಲಿಲ್ಲ. ಇವನು ದೇವೀರಮ್ಮನಿಗೆ ಸೇರಿದವನಲ್ಲ ಎಂದು ತಿಳಿದು ಒಳಗೆ ಹೋದಳು. ಬೆಳಿಗ್ಗೆ ಮಾತು ಕೊಟ್ಟಿದ್ದ ನರ್ಸಿನ ಪಾಳಿ ಮುಗಿದಿತ್ತು. ಇವಳು ಬೇರೆಯವಳು, ಅವನ ಮುಖದ ಗುರುತು ಇವಳಿಗಿರಲಿಲ್ಲ.

"ಹೊರಗೆ ನಿಮ್ಮ ಕಡೆಯೋರು ಯಾರೂ ಇಲ್ಲ ಕಣಜ್ಜಿ."

"ಇದಾನೆ ಕಣವ್ವ, ನನ್ನ ತಮ್ಮ. ಅಗೋ, ಅದು ಅವನದೇ ದನಿ."

"ಅದು ಯಾರೋ ರಾಜಕೀಯ ಮಾತಾಡ್ತಾ ಕೂತಿರೋದು. ನಾನೇ ಹೋಗಿ ಕೇಳಿ ಬಂದೆ. ಡಾಕ್ಟರು ಕಾಯ್ತಿದ್ದಾರೆ, ಇನ್ನು ತಡ ಮಾಡೋ ಹಾಗಿಲ್ಲ."

ಮಂಚಕ್ಕೆ ಗಾಲಿಗಳಿದ್ದವು. ಅದನ್ನು ತಳ್ಳಿಕೊಂಡು ಹೋದರು. ದೇವೀರಮ್ಮ ತಲೆ ಹೊರಳಿಸಿ, ಆ ದನಿ ಕೇಳಿಸುವಷ್ಟು ದೂರವೂ ಕೇಳಿಸಿಕೊಂಡಳು. ಬಳಿಕ ಇನ್ನೊಂದು ಬಾಗಿಲು ಬಂತು. ಅದು ಮುಚ್ಚಿತು.

ಇತ್ತ ಮಾತು ನಿಂತಿರಲಿಲ್ಲ. ವ್ಯಾಪಾರಿ ಒಂದು ದೊಡ್ಡ ಹಗರಣದ ಸುದ್ದಿ ಎತ್ತಿಕೊಂಡಿದ್ದ. ಅಷ್ಟರಲ್ಲಿ ನರ್ಸು ಮತ್ತೆ ಬಂದು ಕೂಗಿದಳು. "ಅಂಬುಜಾಕ್ಷಿ ಕಡೆಯೋರು ಯಾರು?" ಅದು ವ್ಯಾಪಾರಿಯ ಸೊಸೆಯ ಹೆಸರು. ಅವನು ಮಾತನ್ನು ಅರ್ಧಕ್ಕೇ ಬಿಟ್ಟ. ಚಪ್ಪಲಿ ಮೆಟ್ಟುವುದನ್ನೂ ಮರೆತು ಒಳಗೆ ಓಡಿದ.

ರೈತ ಸುತ್ತಲಿದ್ದವರನ್ನು ನೋಡಿದ. "ನೋಡಿದ್ರಾ, ಉತ್ತರ ಇಲ್ಲ. ಎದ್ದೇ ಹೋದ."

ಹೌದು ಹೌದು ಎಂದರು ಅವರು. ಒಬ್ಬ ಅವನ ಬೆನ್ನು ತಟ್ಟಿದ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಹೋದರು. ಗದ್ದಲ ಅಡಗಿತು. ರೈತನಿಗೆ ಅಕ್ಕನ ನೆನಪು ಬಂತು. ಅವನು ಮೇಲುವಸ್ತ್ರದಿಂದ ಮುಖ ಒರೆಸಿಕೊಂಡು, ಬಾಗಿಲ ಕಡೆಗೆ ತಿರುಗಿ ನೆಟ್ಟಗೆ ಕುಳಿತ. ಇನ್ನೇನು ಅವಳ ಹೆಸರು ಕೂಗುತ್ತಾರೆ ಎಂದು ಕಾಯತೊಡಗಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅವರ ಕತೆಗಳು ಒಮ್ಮೊಮ್ಮೆ ಹೀಗೆ ನಡುವೆ ನಿಲ್ಲುತ್ತಿದ್ದವು, ಕೇಳುವವರು ಕೇಳಿದರೆ ಮುಂದಕ್ಕೆ ಹೋಗುತ್ತಿದ್ದವು. ಇದು ಶಾಂತಮಲ್ಲನಿಗೆ ಗೊತ್ತಿತ್ತು. ಕತೆ ತನ್ನನ್ನು ಕುರಿತದ್ದು ಎಂಬುದೂ ಗೊತ್ತಾಗಿತ್ತು. ಅವನಿಗೆ ಒಳಗೊಳಗೇ ಕಸಿವಿಸಿಯಾಗುತ್ತಿತ್ತು. ಆದರೂ ಅವನ ಮನಸ್ಸಿನಲ್ಲಿ ಒಂದು ಗಂಟು ಹಾಗೇ ಉಳಿದಿತ್ತು. ತಾನು ಕೇಳಿದ್ದು ಸುಳ್ಳಿನ ವಿಷಯ. ಕತೆಯಲ್ಲಿ ಇಬ್ಬರು ಎರಡು ಮಾತು ಹೇಳಿದ್ದಾರೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಯಾವುದು ನಿಜ ಎಂದು ತಿಳಿಯದೆ, ರೈತ ಮಾತಾಡಿದ್ದು ಸರಿಯೋ ತಪ್ಪೋ ಎಂದು ಹೇಗೆ ತೀರ್ಮಾನಿಸುವುದು? ಹೀಗೆ ಯೋಚಿಸಿ, ಇದು ಕೇಳಲೇಬೇಕಾದ ಪ್ರಶ್ನೆ ಎಂದು ಅವನು ನಂಬಿದ.

"ಬುದ್ಧಿ," ಎಂದ ಶಾಂತಮಲ್ಲ, "ಆ ಆಸ್ಪತ್ರೆಯನ್ನು ನಿಜವಾಗಿ ಕಟ್ಟಿಸಿದವರು ಯಾರು? ಕೊಡೆಯವರೋ, ಬುಗುರಿಯವರೋ?"

ಗುರುಗಳು ಅವನ ಮುಖ ನೋಡಿದರು.

"ದೇವೀರಮ್ಮ ಏನಾದಳು ಎಂದು ನೀನೂ ಕೇಳಲಿಲ್ಲ."